ಜಗತ್ತಿನ ಪುರಾಣಗಳಿಗೆ ವಾರಕ್ಕೊಂದು ಅವಧಿ ಕೊಡಿ: ಕೋಲಾರ ಜಿಲ್ಲೆಯ ಶಿಕ್ಷಣಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಗೆ,
ಉಪನಿರ್ದೇಶಕರು, ಶಾಲಾ ಶಿಕ್ಷಣ ಇಲಾಖೆ, ಕೋಲಾರ ಜಿಲ್ಲೆ
ಪ್ರಾಂಶುಪಾಲರು, ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್), ಕೋಲಾರ
ಹಾಗೂ ಎಲ್ಲ ತಾಲ್ಲೂಕುಗಳ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಸದಸ್ಯರಿಗೆ, ಪಾಲಕರಿಗೆ

ಮಾನ್ಯರೇ,

ಸರ್ಕಾರಿ ಶಾಲೆಗಳಲ್ಲಿ 4ರಿಂದ 9ನೇ ತರಗತಿಯವರೆಗಿನ ಮಕ್ಕಳಿಗೆ ವಾರಕ್ಕೆ ಒಂದು ಅವಧಿಯನ್ನು ಜಗತ್ತಿನ ಬೇರೆ ಬೇರೆ ಜನರ ಪುರಾಣಕಥೆಗಳಿಗೆ ಮೀಸಲಿಡಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇವೆ. ಗ್ರಂಥಾಲಯದ ಅವಧಿ ಸಾಕು, ಚೀಲವಿಲ್ಲದ ಶನಿವಾರವಾದರೂ ಆದೀತು. ಹೊಸ ಪಠ್ಯಪುಸ್ತಕ ಬೇಡ, ಪರೀಕ್ಷೆಯಂತೂ ಬೇಡವೇ ಬೇಡ. ಬೇಕಾಗಿರುವುದು ಆಯ್ದ 12 ಜೋಡಿ ಕಥೆಗಳ ಒಂದು ಕಟ್ಟು, ಅವನ್ನು ಹೇಳುವುದರಲ್ಲಿ ಶಿಕ್ಷಕರಿಗೆ ಒಂದಿಷ್ಟು ಅಭ್ಯಾಸ, ಮತ್ತು ಕೆಲವು ಎಚ್ಚರಗಳು. ಹೇಗೆ ಮಾಡಬೇಕೆಂದು ಹೇಳದೆ ಬರೀ ಆದೇಶ ಹೊರಟರೆ ಈ ಕೆಲಸ ಕೆಡುತ್ತದೆ. ಅದಕ್ಕಾಗಿಯೇ ವಿವರಗಳನ್ನೆಲ್ಲ ಇಲ್ಲಿ ಬರೆದಿದ್ದೇವೆ.

ಕೋಲಾರದ ಮಕ್ಕಳಿಗೆ ಪುರಾಣ ಹೊಸದಲ್ಲ. ಆವಣಿ ಬೆಟ್ಟದ ಸುತ್ತಲಿನ ಮಕ್ಕಳಿಗೆ ಸೀತಮ್ಮ ಲವಕುಶರನ್ನು ಹೆತ್ತ ಜಾಗ ಯಾವುದೆಂದು ಬಂಡೆ ಸಮೇತ ಗೊತ್ತು. ಕುರುಡುಮಲೆಯ ಗಣಪನನ್ನು ತ್ರಿಮೂರ್ತಿಗಳೇ ಸ್ಥಾಪಿಸಿದರೆಂಬ ಐತಿಹ್ಯ ಮುಳಬಾಗಿಲು ಕಡೆಯ ಮನೆಗಳಲ್ಲಿದೆ. ದ್ರೌಪದಮ್ಮನ ಕರಗ ನಡೆಯುವ ಊರುಗಳಲ್ಲಿ ಮಹಾಭಾರತ ಮಕ್ಕಳ ಕಣ್ಣೆದುರೇ ಬೀದಿಯಲ್ಲಿ ಹಾದುಹೋಗುತ್ತದೆ. ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಕೆಜಿಎಫ್ ಕಡೆ ತಮಿಳು, ಇನ್ನು ಕೆಲವರಲ್ಲಿ ಉರ್ದು. ಶಾಲೆಗೆ ಬಂದರೆ ಕನ್ನಡ. ಒಂದೇ ಕಥೆಯನ್ನು ಅಜ್ಜಿ ಒಂದು ಥರ, ಮೇಷ್ಟ್ರು ಒಂದು ಥರ ಹೇಳುತ್ತಾರೆಂಬುದು ಇಲ್ಲಿನ ಮಗುವಿಗೆ ಆಗಲೇ ಗೊತ್ತು. ಹೊರಗಿನ ಕಥೆಗಳನ್ನು ತರಲು ಇದಕ್ಕಿಂತ ಹದವಾದ ನೆಲ ಬೇಕೆ?

ನಮ್ಮ ಮುಖ್ಯ ಮಾತು ಇದು: ಕಥೆಗಳನ್ನು ಒಂಟಿಯಾಗಿ ಹೇಳಬೇಡಿ, ಜೋಡಿ ಮಾಡಿ ಹೇಳಿ. ಒಂದು ನಮ್ಮದು, ಇನ್ನೊಂದು ದೂರದ್ದು, ನಡುವೆ ಎರಡಕ್ಕೂ ಸಲ್ಲುವ ಒಂದೇ ಪ್ರಶ್ನೆ. ಒಂಟಿ ಕಥೆಯನ್ನು ಮಗು ಕೇಳಿ, ಮೆಚ್ಚಿ, ಮರೆಯುತ್ತದೆ. ಜೋಡಿ ಕಥೆ ಸಿಕ್ಕರೆ ತಾನೇ ಹೋಲಿಸಲು ತೊಡಗುತ್ತದೆ.

6ನೇ ತರಗತಿಗೆ ರಾಮಾಯಣದ ಹದ್ದು ಸಂಪಾತಿ ಮತ್ತು ಗ್ರೀಕರ ಇಕಾರಸ್ ಒಳ್ಳೆಯ ಜೋಡಿ. ಸೂರ್ಯನ ಹತ್ತಿರಕ್ಕೆ ಹಾರಿದ ತಮ್ಮ ಜಟಾಯು ಬಿಸಿಲಿಗೆ ಬಳಲಿದಾಗ ಸಂಪಾತಿ ತನ್ನ ರೆಕ್ಕೆಯಿಂದ ಅವನನ್ನು ಮರೆಮಾಡಿದ. ತನ್ನ ರೆಕ್ಕೆ ಸುಟ್ಟುಕೊಂಡು ವಿಂಧ್ಯದ ಮೇಲೆ ಬಿದ್ದ. ಗ್ರೀಕರ ಕಥೆಯಲ್ಲಿ ಕ್ರೀಟ್ ದ್ವೀಪದಿಂದ ತಪ್ಪಿಸಿಕೊಳ್ಳಲು ಡೇಡಲಸ್ ಗರಿ ಮತ್ತು ಮೇಣದ ರೆಕ್ಕೆ ಕಟ್ಟಿ, ಬಹಳ ಕೆಳಗೂ ಬೇಡ, ಬಹಳ ಮೇಲೂ ಬೇಡ ಎಂದು ಮಗನಿಗೆ ಹೇಳಿದ. ಇಕಾರಸ್ ಮೇಲೇರಿದ, ಮೇಣ ಕರಗಿತು, ಸಮುದ್ರಕ್ಕೆ ಬಿದ್ದ. ಇಬ್ಬರೂ ಬಿದ್ದದ್ದು ಸೂರ್ಯನ ಬಿಸಿಗೆ. ಒಬ್ಬ ತಮ್ಮನನ್ನು ಕಾಯಲು ಹೋಗಿ ಬಿದ್ದ, ಇನ್ನೊಬ್ಬ ಹಾರುವ ಸಂಭ್ರಮದಲ್ಲಿ ಮೈಮರೆತು ಬಿದ್ದ. ‘ಇಬ್ಬರಲ್ಲಿ ಯಾರದ್ದಾದರೂ ತಪ್ಪಿದೆಯೇ?’ ಎಂದು ಕೇಳಿ ಸುಮ್ಮನಿರಬೇಕು. ಅದೇ ವಾರ ವಿಜ್ಞಾನದ ಅವಧಿಯಲ್ಲಿ, ನಮ್ಮ ಸುತ್ತಲಿನ ಗಾಳಿಯಲ್ಲಿ ಮೇಲೇರಿದಂತೆ ಬಿಸಿ ಹೆಚ್ಚುವುದಿಲ್ಲ, ಪ್ರತಿ 1,000 ಮೀಟರಿಗೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಕಡಿಮೆಯಾಗುತ್ತದೆ ಎಂಬ ಪಾಠ ಬಂದರೆ, ನಂದಿಬೆಟ್ಟಕ್ಕೆ ಹೋಗಿ ನಡುಗಿ ಬಂದ ಮಗುವಿಗೆ ಅದು ಥಟ್ಟನೆ ಹೊಳೆಯುತ್ತದೆ. ಆದರೆ ಈ ಮಾತು ಕಥೆಯ ಅವಧಿಯೊಳಗೆ ನುಗ್ಗಬಾರದು. ಕಥೆ ಹೇಳುತ್ತಲೇ ‘ಇದು ಸುಳ್ಳು, ನಿಜ ಏನೆಂದರೆ’ ಎಂದು ತಿದ್ದಿದರೆ ಕಥೆಯೂ ಸತ್ತುಹೋಗುತ್ತದೆ, ವಿಜ್ಞಾನದ ಮೇಲೂ ಮಗುವಿಗೆ ಮುನಿಸು ಬರುತ್ತದೆ.

ನಮ್ಮ ಜಿಲ್ಲೆಗೆ ಹೇಳಿ ಮಾಡಿಸಿದ ಜೋಡಿ ಪ್ರಳಯದ್ದು. ಇಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಬದುಕು ನಿಂತಿರುವುದು ಕೆರೆಗಳ ಮೇಲೆ. ಶತಪಥ ಬ್ರಾಹ್ಮಣ ಎಂಬ ವೈದಿಕ ಗ್ರಂಥದಲ್ಲಿ ಬರುವ ಮನುವಿನ ಕಥೆಯನ್ನು ಮೊದಲು ಹೇಳಿ: ಕೈ ತೊಳೆಯುವ ನೀರಿನಲ್ಲಿ ಸಿಕ್ಕ ಪುಟ್ಟ ಮೀನು, ಅದನ್ನು ಗಡಿಗೆಯಲ್ಲಿ, ಆಮೇಲೆ ಹಳ್ಳದಲ್ಲಿ, ಕೊನೆಗೆ ಸಮುದ್ರದಲ್ಲಿ ಬಿಟ್ಟದ್ದು, ಮುಂದೆ ಅದೇ ಮೀನಿನ ಕೊಂಬಿಗೆ ಹಡಗು ಕಟ್ಟಿ ಪಾರಾದದ್ದು. ಇದರ ಜೊತೆಗೆ ಚೀನಾದ ಯೂನ ಕಥೆ. ಹಳದಿ ನದಿಯ ಸೀಮೆಯಲ್ಲಿ ನೆರೆ ಉಕ್ಕಿದಾಗ ಮೊದಲು ಗುನ್ ಎಂಬುವನಿಗೆ ಕೆಲಸ ವಹಿಸಿದರು. ಅವನು ಒಂಬತ್ತು ವರ್ಷ ಒಡ್ಡು ಕಟ್ಟಿ ನೀರು ತಡೆಯಲು ನೋಡಿದ, ಆಗಲಿಲ್ಲ. ಅವನ ಮಗ ಯೂ ತಡೆಯುವುದನ್ನು ಬಿಟ್ಟು ಕಾಲುವೆ ತೋಡಿ ನೀರನ್ನು ಸಮುದ್ರಕ್ಕೆ ಹರಿಸಿದ. 13 ವರ್ಷ ಅದೇ ಕೆಲಸ. ಮೂರು ಸಲ ಸ್ವಂತ ಮನೆಯ ಬಾಗಿಲ ಮುಂದೆ ಹಾದುಹೋದರೂ ಒಳಗೆ ಕಾಲಿಡಲಿಲ್ಲ. ಒಂದು ಕಥೆಯಲ್ಲಿ ನೀರಿನಿಂದ ಪಾರಾಗುವುದು, ಇನ್ನೊಂದರಲ್ಲಿ ನೀರಿನ ಜೊತೆ ಕೆಲಸ ಮಾಡುವುದು. ಮಕ್ಕಳು ಈ ವ್ಯತ್ಯಾಸವನ್ನು ತಾವೇ ಹೇಳುವವರೆಗೆ ಕಾಯಬೇಕು.

ಮುಂದಿನ ವಾರದ ಅವಧಿ ಅಂಗಳದಲ್ಲಿ. ಸ್ವಲ್ಪ ಇಳಿಜಾರಿರುವ ಜಾಗ ನೋಡಿ, ಒಂದು ಬಕೆಟ್ ಕೆರೆಮಣ್ಣಿನಿಂದ ಅರ್ಧಚಂದ್ರದ ಆಕಾರದಲ್ಲಿ ಏರಿ ಕಟ್ಟಿಸಿ: ಬುಡ ಒಂದು ಗೇಣು ಅಗಲ, ಎತ್ತರ ನಾಲ್ಕು ಬೆರಳು, ಉದ್ದ ಎರಡಡಿ. ಮೇಲುಗಡೆಯಿಂದ ಚೊಂಬಿನಲ್ಲಿ ನಿಧಾನಕ್ಕೆ ನೀರು ಬಿಡಿ. ತುಂಬಿದ ನೀರು ಏರಿಯ ತಗ್ಗಾದ ಕಡೆ ಮೇಲೆ ಹತ್ತಿ ಹರಿಯುತ್ತದೆ, ಹರಿದಲ್ಲಿ ಕೊರೆಯುತ್ತದೆ, ನೋಡನೋಡುತ್ತಲೇ ಏರಿ ಒಡೆಯುತ್ತದೆ. ಗುನ್‌ನ ಒಡ್ಡು ನಿಲ್ಲದ ಕಾರಣ ಮಕ್ಕಳ ಕಣ್ಣೆದುರಿಗೇ ಇರುತ್ತದೆ. ಈಗ ಮತ್ತೆ ಕಟ್ಟಿಸಿ, ಒಂದು ತುದಿಯಲ್ಲಿ ಏರಿಗಿಂತ ಎರಡು ಬೆರಳು ತಗ್ಗಾಗಿ, ಹೆಚ್ಚಾದ ನೀರು ಹೊರಹೋಗುವ ಕೋಡಿ ಬಿಡಿಸಿ, ಅದರ ತಳಕ್ಕೂ ಪಕ್ಕಕ್ಕೂ ಸಣ್ಣ ಜಲ್ಲಿ ಒತ್ತಿಸಿ. ಅಷ್ಟೇ ನೀರಿಗೆ ಈ ಏರಿ ನಿಲ್ಲುತ್ತದೆ.

ಇದು ಕೆಡುವುದು ಮೂರು ಕಾರಣಕ್ಕೆ. ಒಣಮಣ್ಣನ್ನು ಸುಮ್ಮನೆ ರಾಶಿ ಹಾಕಿದರೆ ನೀರು ಬುಡದಲ್ಲೇ ಜಿನುಗಿ, ಕೆರೆ ತುಂಬುವ ಮೊದಲೇ ಏರಿ ಕುಸಿಯುತ್ತದೆ. ಹಾಗಾಗಿ ಮಣ್ಣನ್ನು ಉಂಡೆ ಕಟ್ಟುವಷ್ಟು ನೆನೆಸಿ, ಒಂದೊಂದು ಪದರವನ್ನೂ ಅಂಗೈಯಲ್ಲಿ ಒತ್ತುತ್ತಾ ಬರಬೇಕು. ಎತ್ತರದಿಂದ ನೀರು ಸುರಿದರೆ ಕೆರೆಯಂಗಳದಲ್ಲೇ ಗುಂಡಿ ಬೀಳುತ್ತದೆ. ನೀರು ಬೀಳುವಲ್ಲಿ ಒಂದು ಚಪ್ಪಟೆ ಕಲ್ಲು ಇಡಿ. ಕೋಡಿಗೆ ಕಲ್ಲು ಒತ್ತದೆ ಬಿಟ್ಟರೆ ಕೋಡಿಯೇ ಕೊರೆದು ಆಳವಾಗಿ ಏರಿಯನ್ನು ತಿನ್ನುತ್ತದೆ. ಈ ಮೂರನೆಯದನ್ನು ಬೇಕೆಂದೇ ಒಂದು ಸಲ ಕೆಡಿಸಿ ತೋರಿಸಬಹುದು. ಆಮೇಲೆ ಕೇಳಬೇಕಾದದ್ದು: ‘ಹಾಗಾದರೆ ಗುನ್ ಮಾಡಿದ್ದೆಲ್ಲ ತಪ್ಪೇ?’ ನಮ್ಮ ಕೆರೆಗೆ ಏರಿಯೂ ಬೇಕು, ಕೋಡಿಯೂ ಬೇಕು, ಗದ್ದೆಗೆ ನೀರು ಬಿಡುವ ತೂಬೂ ಬೇಕು. ತಂದೆಯ ಕೆಲಸ, ಮಗನ ಕೆಲಸ ಎರಡೂ ಒಂದೇ ಕೆರೆಯಲ್ಲಿವೆ. ಊರ ಕೆರೆಯ ಕೋಡಿ ಈಗ ಹೇಗಿದೆ, ಮುಂದೆ ನೀರು ಹರಿಯುವ ಕಾಲುವೆ ಉಳಿದಿದೆಯೇ ಎಂದು ಮಕ್ಕಳು ನೋಡಿಬಂದು ಚಿತ್ರ ಬರೆಯಲಿ. ಆ ಚಿತ್ರಗಳನ್ನು ಗ್ರಾಮ ಪಂಚಾಯಿತಿಯವರೂ ನೋಡಬೇಕೆಂಬುದು ನಮ್ಮ ಆಸೆ.

9ನೇ ತರಗತಿಗೆ ಇದೇ ಸರಣಿಯಲ್ಲಿ ಹಡಗು ಕಟ್ಟಿ ಪ್ರಳಯದಿಂದ ಪಾರಾದ ಮೆಸೊಪೊಟೇಮಿಯದ ಉತ್ನಪಿಷ್ಟಿಮ್ ಸೇರಲಿ. ಮಣ್ಣಿನ ಹಲಗೆಗಳ ಮೇಲಿನ ಆ ಕಥೆಯನ್ನು 1872ರಲ್ಲಿ ಬ್ರಿಟಿಷ್ ಮ್ಯೂಸಿಯಂನಲ್ಲಿ ಜಾರ್ಜ್ ಸ್ಮಿತ್ ಓದಿ ಹೊರಗಿಟ್ಟದ್ದನ್ನು ಇತಿಹಾಸದ ಪಾಠಕ್ಕೇ ಜೋಡಿಸಬಹುದು.

5ನೇ ತರಗತಿಗೆ ಚಂದ್ರ. ಇಲ್ಲಿ ಕ್ರಮ ಹಿಂದುಮುಂದಾದರೆ ಎಲ್ಲ ಹೋಯಿತು. ಹುಣ್ಣಿಮೆಯ ದಿನ ಒಂದು ಬಟ್ಟಲನ್ನು ಬೋರಲು ಹಾಕಿ ಕಾಗದದ ಮೇಲೆ ವೃತ್ತ ಬರೆಸಿ ಕಳಿಸಿ. ರಾತ್ರಿ ಎಂಟಕ್ಕೆ ಚಂದ್ರನ ಮೇಲೆ ಕಪ್ಪಗೆ ಕಾಣುವುದನ್ನು ಅದರಲ್ಲಿ ತುಂಬಿಸಿ ತರಲಿ. ಗಂಟೆ ಗೊತ್ತುಮಾಡಲೇಬೇಕು, ಏಕೆಂದರೆ ಮೂಡುವಾಗಿನ ಚಂದ್ರನ ಕಲೆಗಳು ರಾತ್ರಿ ಸರಿದಂತೆ ತಿರುಗಿಕೊಂಡು ಕಾಣುತ್ತವೆ. ಕಥೆ ಮೊದಲು ಹೇಳಿಬಿಟ್ಟರೆ ಇಡೀ ತರಗತಿ ಮೊಲವನ್ನೇ ಬರೆದು ತರುತ್ತದೆ. ಚಿತ್ರಗಳನ್ನು ಗೋಡೆಗೆ ಅಂಟಿಸಿದ ಮೇಲೆ ಕಥೆ ಶುರುವಾಗಲಿ: ಹಸಿದ ಅತಿಥಿಗಾಗಿ ಬೆಂಕಿಗೆ ಹಾರಿದ, ಬೌದ್ಧರ ಜಾತಕ ಕಥೆಯ ಮೊಲ, ಚೀನೀಯರ ಚಂದ್ರನಲ್ಲಿ ಔಷಧಿ ಕುಟ್ಟುವ ಮೊಲ, ಜಪಾನಿನಲ್ಲಿ ಅಕ್ಕಿ ಕಡುಬಿಗೆ ಕುಟ್ಟುವ ಮೊಲ, ಮೆಕ್ಸಿಕೋದ ಅಜ್ಟೆಕ್ ಜನರಲ್ಲಿ ಚಂದ್ರನ ಹೊಳಪು ತಗ್ಗಿಸಲು ದೇವತೆಗಳು ಅದರ ಮುಖಕ್ಕೆಸೆದ ಮೊಲ. ಆ ಕಪ್ಪು ಭಾಗಗಳು ಬಹಳ ಹಿಂದೆ ಉಕ್ಕಿ ತಣಿದ ಲಾವಾದ ಬಯಲುಗಳೆಂಬುದು ಮರುದಿನಕ್ಕಿರಲಿ.

ಗ್ರಹಣದ ಜೋಡಿಗೆ ರಾಹುಕೇತುಗಳ ಜೊತೆ ಉತ್ತರ ಯುರೋಪಿನ ನಾರ್ಸ್ ಜನರ ತೋಳಗಳು ಸಾಕು: ಸೂರ್ಯನನ್ನು ಸ್ಕೋಲ್, ಚಂದ್ರನನ್ನು ಹಾಟಿ ಬೆನ್ನಟ್ಟುತ್ತವೆ. ಇದರ ಜೊತೆ ನಮ್ಮ ಮನೆಗಳ ಒನಕೆಯನ್ನೂ ತರಬಹುದು. ಗ್ರಹಣದ ಹೊತ್ತಿನಲ್ಲಿ ತಟ್ಟೆಯ ನೀರಿನಲ್ಲಿ ಒನಕೆ ತಾನಾಗಿ ನಿಲ್ಲುತ್ತದೆಂಬ ನಂಬಿಕೆ ಮಕ್ಕಳಿಗೆ ಚೆನ್ನಾಗಿ ಗೊತ್ತು. ಯಾವುದಾದರೂ ಸಾಧಾರಣ ಮಂಗಳವಾರ ಒಂದು ಒನಕೆ ತರಿಸಿ ಸಮತಟ್ಟಾದ ನೆಲದ ಮೇಲೆ ನಿಲ್ಲಿಸಲು ಹೇಳಿ. ಬುಡ ಚಪ್ಪಟೆಯಿದ್ದರೆ ತಾಳ್ಮೆಯಿಂದ ಹಿಡಿದು ಬಿಟ್ಟಾಗ ನಿಲ್ಲುತ್ತದೆ. ಬುಡ ಸವೆದು ಉರುಟಾಗಿದ್ದರೆ ಯಾವ ದಿನವೂ ನಿಲ್ಲದು. ಬೀಳುವ ಒನಕೆಯಿಂದ ಕಾಲು ಜಜ್ಜೀತು, ಮಕ್ಕಳನ್ನು ಎರಡು ಮಾರು ದೂರ ಕೂರಿಸಿ. ‘ನಿಮ್ಮ ಅಜ್ಜಿಗೆ ಬುದ್ಧಿಯಿಲ್ಲ’ ಎಂಬ ಅರ್ಥದ ಒಂದು ಮಾತೂ ಶಿಕ್ಷಕರ ಬಾಯಿಂದ ಬರಬಾರದು. ಗ್ರಹಣ ಆಗುವುದು ನೆರಳಿನಿಂದ ಎಂದು ಆರ್ಯಭಟ 499ರಲ್ಲೇ ಬರೆದ. ಅದೇ ನಾಡಿನಲ್ಲಿ ರಾಹುವಿನ ಕಥೆಯೂ ಉಳಿದು ಬಂತು. ಎರಡೂ ನಮ್ಮವೇ ಎಂದು ಹೇಳಿದರೆ ಯಾವ ಮಗುವಿಗೂ ಮನೆ ಮತ್ತು ಶಾಲೆಯ ನಡುವೆ ಒಂದನ್ನು ಬಿಟ್ಟುಕೊಡುವ ಪ್ರಮೇಯ ಬರುವುದಿಲ್ಲ.

ಬಹಳ ಎಚ್ಚರ ಬೇಕಾದ ಜೋಡಿಯೊಂದಿದೆ, ಅದು 9ನೇ ತರಗತಿಗೆ ಮಾತ್ರ. ‘ಕೆರೆಗೆ ಹಾರ’ ಎಂದು ಕರ್ನಾಟಕವೆಲ್ಲ ಬಲ್ಲ ಜನಪದ ಗೀತೆಯಲ್ಲಿ, ಕಟ್ಟಿಸಿದ ಕೆರೆಗೆ ನೀರು ಬಾರದೆ ಕಿರಿಸೊಸೆ ಭಾಗೀರಥಿಯನ್ನು ಬಲಿ ಕೊಡುತ್ತಾರೆ. ಅಲ್ಬೇನಿಯ ದೇಶದ ಶ್ಕೋದ್ರ ಕೋಟೆಯ ಐತಿಹ್ಯ ಇದಕ್ಕೆ ಬೆರಗಾಗುವಷ್ಟು ಹತ್ತಿರ. ಮೂವರು ಅಣ್ಣತಮ್ಮಂದಿರು ಹಗಲು ಕಟ್ಟಿದ ಗೋಡೆ ರಾತ್ರಿ ಬೀಳುತ್ತದೆ. ನಾಳೆ ಊಟ ತರುವ ಹೆಂಡತಿಯನ್ನು ಗೋಡೆಯೊಳಗೆ ಹುಗಿಯಬೇಕು, ಮನೆಯಲ್ಲಿ ಯಾರೂ ಬಾಯಿ ಬಿಡಬಾರದು ಎಂದು ಆಣೆಯಾಗುತ್ತದೆ. ದೊಡ್ಡವರಿಬ್ಬರೂ ಹೆಂಡಿರಿಗೆ ಗುಟ್ಟು ಹೇಳಿಬಿಡುತ್ತಾರೆ. ಕಿರಿಯವನು ಮಾತು ಉಳಿಸಿಕೊಳ್ಳುತ್ತಾನೆ, ಅವನ ಹೆಂಡತಿ ರೊಜಾಫಾ ಬುತ್ತಿ ಹೊತ್ತು ಬರುತ್ತಾಳೆ. ಎಳೆಗೂಸಿಗೆ ಹಾಲೂಡಲು ಒಂದು ಮೊಲೆ, ನೇವರಿಸಲು ಒಂದು ಕೈ, ತೊಟ್ಟಿಲು ತೂಗಲು ಒಂದು ಕಾಲು ಹೊರಗೆ ಬಿಡಿ ಎಂದು ಕೇಳಿಕೊಳ್ಳುತ್ತಾಳೆ.

ಇಲ್ಲಿ ‘ತ್ಯಾಗ ಎಷ್ಟು ದೊಡ್ಡದು’ ಎಂದು ಶಿಕ್ಷಕರು ಹೊಗಳಲು ಹೊರಟರೆ ಅನಾಹುತವಾಗುತ್ತದೆ. ಕೇಳಬೇಕಾದ ಪ್ರಶ್ನೆಗಳು ಬೇರೆ. ತೀರ್ಮಾನ ಮಾಡಿದವರು ಯಾರು? ಯಾರನ್ನು ಕೇಳಲಿಲ್ಲ? ಗೊತ್ತಿದ್ದೂ ಸುಮ್ಮನಿದ್ದವರು ಯಾರು? ಭಾಗೀರಥಿಗೆ ಮೊದಲೇ ತಿಳಿದಿತ್ತು, ರೊಜಾಫಾಗೆ ತಿಳಿದಿರಲಿಲ್ಲ. ಇದರಿಂದ ಕಥೆ ಹೇಗೆ ಬದಲಾಗುತ್ತದೆ? ಮಾತಾಡಲು ಇಷ್ಟವಿಲ್ಲದ ಮಕ್ಕಳನ್ನು ಎಬ್ಬಿಸಿ ನಿಲ್ಲಿಸಬಾರದು. ತನ್ನನ್ನು ಕೇಳದೆಯೇ ಮದುವೆಯ ಮಾತು ನಡೆದಿರುವ ಹುಡುಗಿ ಆ ಬೆಂಚಿನಲ್ಲಿರಬಹುದು. ಅವಧಿ ಮುಗಿದ ಮೇಲೆ ಶಿಕ್ಷಕರು ಹತ್ತು ನಿಮಿಷ ತರಗತಿಯಲ್ಲೇ ಇರಬೇಕು, ಮಕ್ಕಳ ಸಹಾಯವಾಣಿ 1098 ಹಲಗೆಯ ಮೂಲೆಯಲ್ಲಿ ಬರೆದಿರಬೇಕು. ಇಷ್ಟು ಸಿದ್ಧತೆ ಇಲ್ಲದ ಶಾಲೆಯಲ್ಲಿ ಈ ಜೋಡಿ ಬೇಡ.

ಇನ್ನು ಕಥೆ ಹೇಳುವ ಬಗೆ. ಪ್ರತಿ ಕಥೆಗೂ ಎರಡು ಬದಿಯ ಒಂದು ಎ4 ಹಾಳೆಯ ಕಾರ್ಡು ಸಾಕು. ಮುಂದಿನ ಬದಿಯಲ್ಲಿ ಯಾವ ಜನರ ಕಥೆ, ಯಾವ ನಾಡು, ಅಲ್ಲಿ ಏನು ಬೆಳೆಯುತ್ತಾರೆ, ಕಥೆಯ ಐದಾರು ಘಟ್ಟಗಳು, ಕನ್ನಡದಲ್ಲಿ ಹೆಸರುಗಳ ಉಚ್ಚಾರ. ಹಿಂದಿನ ಬದಿಯಲ್ಲಿ ಒಂದು ಪ್ರಶ್ನೆ, ಬೇಕಾದ ಒಂದು ವಸ್ತು, ಒಂದು ಎಚ್ಚರ. ಕಥೆ ಏಳರಿಂದ ಹತ್ತು ನಿಮಿಷ ಮೀರಬಾರದು, ಓದಿ ಹೇಳಬಾರದು, ಹೊಸ ಹೆಸರು ಮೂರಕ್ಕಿಂತ ಹೆಚ್ಚು ಇರಬಾರದು. ನಾಲ್ಕನೆಯ ಹೆಸರು ಬಂತೆಂದರೆ ಹಿಂದಿನ ಬೆಂಚು ಕಿಟಕಿಯಾಚೆ ನೋಡಲು ಶುರುಮಾಡುತ್ತದೆ. ಗೋಡೆಯ ಭೂಪಟದಲ್ಲಿ ಕೋಲಾರದಿಂದ ಆ ಊರಿಗೆ ಕೆಂಪು ದಾರ ಕಟ್ಟಿಸಿ. ಕಥೆ ಮುಗಿದ ಮೇಲೆ ಮಕ್ಕಳು ಇಬ್ಬಿಬ್ಬರಾಗಿ ಮನೆಯ ಭಾಷೆಯಲ್ಲೇ ಅದನ್ನು ಮರಳಿ ಹೇಳಿಕೊಳ್ಳಲಿ, ಆಮೇಲೆ ಕನ್ನಡದಲ್ಲಿ ಇಡೀ ತರಗತಿಗೆ. ತೆಲುಗಿನಲ್ಲಿ ಒಮ್ಮೆ ಹೇಳಿದ ಮಗುವಿಗೆ ಕನ್ನಡದಲ್ಲಿ ಹೇಳುವಾಗ ಕಥೆಯ ಚಿಂತೆ ಇರುವುದಿಲ್ಲ, ಮಾತಿನ ಕಡೆಗಷ್ಟೇ ಗಮನ ಕೊಟ್ಟರಾಯಿತು.

ಆಯ್ಕೆಯಲ್ಲಿ ಗ್ರೀಕ್ ಕಥೆಗಳು ಎರಡಕ್ಕಿಂತ ಹೆಚ್ಚು ಬೇಡ; ಸುಲಭವಾಗಿ ಸಿಗುವುದು ಅವೇ ಆದ್ದರಿಂದ ಕಟ್ಟು ತುಂಬ ಅವೇ ಕೂತುಬಿಡುವ ಅಪಾಯವಿದೆ. ‘ಆಫ್ರಿಕಾದ ಕಥೆ’ ಎಂದೂ ಬರೆಯಬೇಡಿ, ಅಲ್ಲಿ 54 ದೇಶಗಳಿವೆ. ‘ಘಾನಾದ ಅಕಾನ್ ಜನರ ಕಥೆ’ ಎನ್ನಿ. ಆ ಜನರ ಜೇಡ ಅನಾನ್ಸಿ ಲೋಕದ ಬುದ್ಧಿಯನ್ನೆಲ್ಲ ಮಡಕೆಯಲ್ಲಿ ತುಂಬಿ, ಅದನ್ನು ಹೊಟ್ಟೆಯ ಮುಂದೆ ಕಟ್ಟಿಕೊಂಡು ಮರ ಹತ್ತಲು ಹೆಣಗುತ್ತಾನೆ. ಬೆನ್ನಿಗೆ ಕಟ್ಟಿಕೊ ಎಂದು ಮಗ ಕೆಳಗಿನಿಂದ ಹೇಳುತ್ತಾನೆ. 4ನೇ ತರಗತಿಯ ಮಗುವಿನ ಹೊಟ್ಟೆಗೆ ಟವೆಲ್ಲಿನಲ್ಲಿ ಚೊಂಬು ಕಟ್ಟಿ ಜಗುಲಿಯ ಕಂಬ ತಬ್ಬಿಕೊಳ್ಳಲು ಹೇಳಿ, ಕಷ್ಟ ಏನೆಂದು ಮೈಗೇ ತಿಳಿಯುತ್ತದೆ. ಗ್ವಾಟೆಮಾಲದ ಕಿಚೆ ಮಾಯಾ ಜನರಲ್ಲಿ ದೇವತೆಗಳು ಮನುಷ್ಯನನ್ನು ಮೊದಲು ಮಣ್ಣಿನಿಂದ, ಆಮೇಲೆ ಮರದಿಂದ ಮಾಡಿ ಸೋತು, ಕೊನೆಗೆ ಮುಸುಕಿನ ಜೋಳದ ಹಿಟ್ಟಿನಿಂದ ಮಾಡಿ ಗೆಲ್ಲುತ್ತಾರೆ. ರಾಗಿಯ ಜಿಲ್ಲೆಯಲ್ಲಿ ಇದಕ್ಕೆ ಜೋಡಿ ಹುಡುಕಬೇಕಿಲ್ಲ: ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ರಾಗಿಗೂ ಭತ್ತಕ್ಕೂ ನಡೆದ ಜಗಳ, ರಾಮ ರಾಗಿಯ ಪರ ಕೊಟ್ಟ ತೀರ್ಪು. ನ್ಯೂಜಿಲೆಂಡಿನ ಮಾವೊರಿ ಜನರ ಮಾವಿ ಸಮುದ್ರದಿಂದ ದ್ವೀಪವನ್ನೇ ಗಾಳ ಹಾಕಿ ಎಳೆದದ್ದೂ ಪಟ್ಟಿಯಲ್ಲಿರಲಿ.

ವಾಟ್ಸಾಪ್‌ನಲ್ಲಿ ಬಂದ ಕಥೆಗಳನ್ನು ತೆಗೆದುಕೊಳ್ಳುವ ಮೊದಲು ಮೂಲ ಕೇಳಿ. ಮನುಷ್ಯನೊಳಗೆ ಎರಡು ತೋಳಗಳು ಕಾದಾಡುತ್ತವೆ, ನೀನು ಉಣಿಸಿದ್ದು ಗೆಲ್ಲುತ್ತದೆ ಎಂಬ ಕಥೆ ಅಮೆರಿಕದ ಚೆರೋಕಿ ಜನರದ್ದೆಂದು ಎಲ್ಲೆಡೆ ಓಡಾಡುತ್ತದೆ. ಹಾಗೆನ್ನಲು ಗಟ್ಟಿ ಆಧಾರವಿಲ್ಲ. ಒಂದು ಜನರ ಹೆಸರು ಹೇಳಿ ಅವರದ್ದಲ್ಲದ ಕಥೆ ಕಲಿಸುವುದು ಆ ಜನರಿಗೂ ಮಕ್ಕಳಿಗೂ ಅನ್ಯಾಯ.

ಶಿಕ್ಷಕರಿಗೆ ಬಿಡಲು ಅತಿ ಕಷ್ಟವಾಗುವ ಅಭ್ಯಾಸ ಎಂದರೆ ಕೊನೆಯಲ್ಲಿ ‘ಈ ಕಥೆಯ ನೀತಿ ಏನು?’ ಎಂದು ಕೇಳುವುದು. ಆ ಪ್ರಶ್ನೆ ಬರುತ್ತದೆಂದು ಗೊತ್ತಾದ ದಿನದಿಂದ ಮಕ್ಕಳು ಕಥೆ ಕೇಳುವುದನ್ನು ಬಿಟ್ಟು ಉತ್ತರ ಹುಡುಕಲು ಕೂರುತ್ತಾರೆ. ಅದೇ ರೀತಿ, ‘ನಮ್ಮದೇ ಹಳೆಯದು, ಅವರು ಕದ್ದರು’ ಎಂಬ ಮಾತಾಗಲಿ, ‘ಎಲ್ಲ ದೇಶದ ಕಥೆಯೂ ಒಂದೇ’ ಎಂಬ ಮಾತಾಗಲಿ ಬೇಡ. ಮೊದಲನೆಯದು ಜಗಳ ಹಚ್ಚುತ್ತದೆ. ಎರಡನೆಯದು ಸೌಮ್ಯವಾಗಿ ಕಂಡರೂ ಗುನ್ ಯೂರನ್ನೂ ಮನುವನ್ನೂ ಕಲಸಿ ಮುದ್ದೆ ಮಾಡಿಬಿಡುತ್ತದೆ. ಹೋಲಿಸಲು ಆಮೇಲೆ ಏನೂ ಉಳಿಯುವುದಿಲ್ಲ.

ಧರ್ಮದ ವಿಷಯದಲ್ಲಿ ಕಾರ್ಡಿನ ಮೇಲೆಯೇ ನಿಯಮ ಬರೆದಿರಲಿ. ಯಾರ ಕಥೆಯನ್ನೂ ‘ಕಟ್ಟುಕಥೆ’ ಎನ್ನಬಾರದು. ‘ಈ ಜನರು ಹೀಗೆ ಹೇಳುತ್ತಾರೆ’ ಎಂದರೆ ಸಾಕು. ಪ್ರಳಯದ ಪಾಠದಲ್ಲಿ ನೂಹ್ ಅಥವಾ ನೋಹನ ಪ್ರಸಂಗ ಬಂದರೆ ಅವರು ಮುಸ್ಲಿಮರಿಗೆ ಪ್ರವಾದಿ, ಕ್ರೈಸ್ತರಿಗೂ ಪವಿತ್ರರು ಎಂಬುದು ನೆನಪಿರಲಿ. ಬಾಯಿಮಾತಿನಲ್ಲಿ ಹೇಳಬಹುದು, ಯಾವ ಮಗುವಿಗೂ ಆ ಪಾತ್ರ ಹಾಕಿಸಬಾರದು, ಅವರ ಚಿತ್ರ ಬರೆಸಬಾರದು. ದೋಣಿ, ನೀರು, ಪ್ರಾಣಿಗಳನ್ನು ಬರೆಯಲಿ. ಇದೇ ಗೌರವ ದೂರದವರಿಗೂ ಸಲ್ಲಬೇಕು: ಅಮೆರಿಕದ ನವಾಹೊ ಜನ ಕಯೋಟಿ ಎಂಬ ತೋಳದಂಥ ಪ್ರಾಣಿಯ ಕಥೆಗಳನ್ನು ಚಳಿಗಾಲದಲ್ಲಿ ಮಾತ್ರ ಹೇಳುತ್ತಾರೆ, ಆ ಕಾರ್ಡನ್ನು ನಾವೂ ಡಿಸೆಂಬರ್, ಜನವರಿಗೆ ಇಟ್ಟುಕೊಳ್ಳೋಣ.

ತಮ್ಮಲ್ಲಿ ನಮ್ಮ ಕೋರಿಕೆ ಇಷ್ಟು. 12 ಜೋಡಿಗಳ ಕಾರ್ಡನ್ನು ಡಯಟ್ ಸಿದ್ಧಪಡಿಸಲಿ. ಕನ್ನಡದ ಜೊತೆಗೆ ಉರ್ದು ಮತ್ತು ತಮಿಳಿನಲ್ಲೂ ಅಚ್ಚಾಗಲಿ. ಅಚ್ಚಿಗೆ ಮೊದಲು ಬೇರೆ ಬೇರೆ ಸಮುದಾಯದ ಹಿರಿಯರಿಗೆ ಓದಿ ಹೇಳಿ, ಅವರ ಆಕ್ಷೇಪಗಳನ್ನು ಕೇಳಿ. ಕೋಲಾರ, ಮಾಲೂರು, ಬಂಗಾರಪೇಟೆ, ಕೆಜಿಎಫ್, ಮುಳಬಾಗಿಲು, ಶ್ರೀನಿವಾಸಪುರ, ಈ ಆರು ತಾಲ್ಲೂಕುಗಳಲ್ಲಿ ಒಂದೊಂದು ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪು) ಆಯ್ದು ಮೊದಲ ಅರ್ಧ ವರ್ಷ ಅಲ್ಲಿ ಮಾತ್ರ ನಡೆಸಿ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಯಲ್ಲಿ ಇದಕ್ಕೆ ಒಂದು ಗಂಟೆ ಕೊಡಿ, ಆ ಗಂಟೆಯಲ್ಲಿ ಉಪನ್ಯಾಸ ಬೇಡ. ಇಬ್ಬರು ಶಿಕ್ಷಕರು ಎದ್ದು ಕಥೆ ಹೇಳಲಿ, ಉಳಿದವರು ಎಲ್ಲಿ ಗಮನ ಜಾರಿತೆಂದು ಗುರುತುಹಾಕಲಿ, ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು (ಸಿಆರ್‌ಪಿ) ಅದನ್ನು ಬರೆದು ಡಯಟ್‌ಗೆ ಕಳಿಸಲಿ. ದಸರಾ ರಜೆಯಲ್ಲಿ ಕಾರ್ಡುಗಳನ್ನು ತಿದ್ದಿ, ಮಿಕ್ಕ ಶಾಲೆಗಳಿಗೆ ಆಮೇಲೆ ಕೊಡಿ.

ದಯವಿಟ್ಟು ಇದನ್ನು ಸ್ಪರ್ಧೆ ಮಾಡಬೇಡಿ. ಛದ್ಮವೇಷ, ಬಹುಮಾನ, ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ ಎಂದು ಏರಿಸುತ್ತಾ ಹೋದರೆ ಚೆನ್ನಾಗಿ ಮಾತಾಡುವ ಇಬ್ಬರು ಮಕ್ಕಳು ವರ್ಷವಿಡೀ ಒಂದೇ ಕಥೆ ಉರುಹೊಡೆಯುತ್ತಾರೆ, ಉಳಿದ ತರಗತಿ ಚಪ್ಪಾಳೆ ತಟ್ಟುತ್ತಾ ಕೂರುತ್ತದೆ. ಕಡತಕ್ಕೆ ವರದಿ ಬೇಕೆಂದಾದರೆ ತಿಂಗಳಿಗೊಮ್ಮೆ ಒಂದೇ ಹಾಳೆ ಕೇಳಿ: ಯಾವ ಜೋಡಿ ಹೇಳಿದಿರಿ, ಮಕ್ಕಳು ಕೇಳಿದ ಪ್ರಶ್ನೆಗಳು ಯಾವುವು, ಯಾವ ಮನೆಯಿಂದ ಬೇರೆ ರೂಪದ ಕಥೆ ಬಂತು. ಕಾರ್ಡುಗಳ ಮೊದಲ ಕರಡು ಬರೆಯಲು, ಕ್ಲಸ್ಟರ್‌ಗಳಿಗೆ ಬಂದು ಹೇಳಿ ತೋರಿಸಲು ನಾವು ಸಿದ್ಧರಿದ್ದೇವೆ. ಅದಕ್ಕೆ ಗೌರವಧನ ಬೇಡ. ಜೂನ್‌ನಲ್ಲಿ ಶಾಲೆ ಶುರುವಾಗುವ ಮೊದಲೇ ಒಂದು ಸಭೆ ಕರೆಯಬೇಕಾಗಿ ವಿನಂತಿ.

ಇತಿ ತಮ್ಮ ವಿಶ್ವಾಸಿಗಳು,
ಕೋಲಾರ ಜಿಲ್ಲೆಯ ಕೆಲವು ಭಾಷಾ ಮತ್ತು ವಿಜ್ಞಾನ ಶಿಕ್ಷಕರು, ಮಕ್ಕಳಿಗೆ ಕಥೆ ಹೇಳುವವರು